ದಮ್ಮು ಕಟ್ಟಿದಾಗ: ಅಸ್ತಮಾದ ಅನುಭವ ಮತ್ತು ಉಸಿರು ಹಗುರಗೊಳಿಸುವ ಕ್ರಮಗಳು

ಆಟಿಯ ಮಳೆಗೆ ಗೋಡೆಗಳು ಬೂಸ್ಟು ಹಿಡಿಯುವ ದಿನಗಳಲ್ಲಿಯೂ, ಅಂಗಳದ ಅಡಿಕೆ ಒಣಗಿ ಸುಲಿಯಲು ಕುಳಿತುಕೊಳ್ಳುವ ಕಾಲದಲ್ಲಿಯೂ ನಮ್ಮ ಮನೆಗಳಿಂದ ಒಂದು ದೂರು ತಪ್ಪದೆ ಕೇಳಿಬರುತ್ತದೆ. “ರಾತ್ರಿಯಿಡೀ ದಮ್ಮು ಫಾದರ್, ಕುಳಿತೇ ಬೆಳಗು ಮಾಡಿದೆ” ಎನ್ನುವವರು ಪ್ರತಿಯೊಂದು ವಾಳೆಯಲ್ಲಿಯೂ ಇದ್ದಾರೆ. ದಮ್ಮು, ಉಬ್ಬಸ, ಗೂರಲು ಎಂದು ಬೇರೆ ಬೇರೆ ಹೆಸರುಗಳಿಂದ ಕರೆಯಲಾಗುವ ಈ ಕಾಯಿಲೆಯೇ ಅಸ್ತಮಾ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಜಗತ್ತಿನಲ್ಲಿ ಸುಮಾರು 26 ಕೋಟಿ 20 ಲಕ್ಷ ಜನರಿಗೆ ಅಸ್ತಮಾ ಇತ್ತು. ಆ ಒಂದೇ ವರ್ಷದಲ್ಲಿ ಸುಮಾರು 4 ಲಕ್ಷ 55 ಸಾವಿರ ಜನರು ಅದರಿಂದ ತೀರಿಕೊಂಡರು. ಇವುಗಳಲ್ಲಿ ಹೆಚ್ಚಿನ ಸಾವುಗಳನ್ನು ಸರಿಯಾದ ಔಷಧಿ ಮತ್ತು ಸಕಾಲದ ತಿಳುವಳಿಕೆಯಿಂದ ತಪ್ಪಿಸಬಹುದಿತ್ತು ಎಂಬುದೇ ಈ ಲೇಖನಕ್ಕೆ ಕಾರಣ.

ಇದನ್ನು ಓದಿ ಯಾರೂ ತಮಗೆ ತಾವೇ ವೈದ್ಯರಾಗಬೇಕಾಗಿಲ್ಲ. ಆದರೆ ನಡುರಾತ್ರಿ ಮನೆಯಲ್ಲಿ ಒಬ್ಬರಿಗೆ ಉಸಿರು ಕಟ್ಟಿದಾಗ, ವೈದ್ಯರು ಸಿಗುವ ತನಕದ ಸಮಯವನ್ನು ಮನೆಯವರೇ ನಿಭಾಯಿಸಬೇಕಾಗುತ್ತದೆ. ಆ ಸಮಯಕ್ಕೆ ಬೇಕಾದ ವಿಷಯಗಳನ್ನು ಇಲ್ಲಿ ಕೊಡಲಾಗಿದೆ.

ಅನುಭವ ಹೇಗಿರುತ್ತದೆ?

ದಮ್ಮು ಇಲ್ಲದವರಿಗೆ ಈ ಕಷ್ಟ ಅರ್ಥವಾಗುವುದು ಸುಲಭವಲ್ಲ. “ಗಾಳಿ ಎಲ್ಲ ಕಡೆ ಇದೆಯಲ್ಲ, ಚೆನ್ನಾಗಿ ಎಳೆದುಕೊಳ್ಳಬಾರದೇ?” ಎನ್ನುವವರೂ ಉಂಟು. ಆರೋಗ್ಯವಾಗಿರುವವರು ಒಂದು ಚಿಕ್ಕ ಪ್ರಯೋಗ ಮಾಡಿ ನೋಡಬಹುದು. ದೀರ್ಘವಾಗಿ ಉಸಿರೆಳೆದುಕೊಂಡು ಎದೆ ತುಂಬಿಸಿಕೊಳ್ಳಿ. ಈಗ ಸ್ವಲ್ಪವೇ ಉಸಿರು ಬಿಡಿ, ಪೂರ್ತಿ ಬಿಡಬೇಡಿ. ಆ ತುಂಬಿದ ಎದೆಯ ಮೇಲೆಯೇ ಪುನಃ ಸ್ವಲ್ಪ ಎಳೆದುಕೊಳ್ಳಿ, ಸ್ವಲ್ಪ ಬಿಡಿ. ಹೀಗೆ ಆರೇಳು ಸಲ ಮಾಡುವಷ್ಟರಲ್ಲಿಯೇ ಎದೆ ಬಿಗಿದು, ಕತ್ತು ನೋಯತೊಡಗಿ, ಸಾಕಪ್ಪಾ ಎನಿಸುತ್ತದೆ. ನಿಮಗಾದರೆ ಪ್ರಯೋಗವನ್ನು ನಿಲ್ಲಿಸಿಬಿಡಬಹುದು. ದಮ್ಮಿನ ರೋಗಿಗೆ ಅದನ್ನು ನಿಲ್ಲಿಸುವ ಸ್ವಾತಂತ್ರ್ಯವಿಲ್ಲ. (ಹೃದಯದ ಅಥವಾ ಉಸಿರಾಟದ ತೊಂದರೆ ಇರುವವರು ಈ ಪ್ರಯೋಗ ಮಾಡಬಾರದು.)

ಅಸ್ತಮಾದಲ್ಲಿ ಗಾಳಿ ಒಳಗೆ ಹೋಗುವುದಕ್ಕಿಂತ ಹೊರಗೆ ಬರುವುದೇ ಹೆಚ್ಚು ಕಷ್ಟವೆಂಬುದನ್ನು ಇಲ್ಲಿ ಗಮನಿಸಬೇಕು. ಹಳೆಯ ಗಾಳಿ ಹೊರಬಾರದೆ ಹೊಸ ಗಾಳಿಗೆ ಜಾಗವಿರುವುದಿಲ್ಲ. ರೋಗಿಗಳು ತಮ್ಮ ಅನುಭವವನ್ನು ಬಗೆಬಗೆಯಾಗಿ ಹೇಳುತ್ತಾರೆ. ಎದೆಯ ಮೇಲೆ ಅಕ್ಕಿ ಮುಡಿ ಇಟ್ಟ ಹಾಗೆ ಎನ್ನುತ್ತಾರೆ ಕೆಲವರು. ಹಗ್ಗದಿಂದ ಬಿಗಿದ ಹಾಗೆ ಎನ್ನುತ್ತಾರೆ ಇನ್ನು ಕೆಲವರು. ಉಸಿರು ಬಿಡುವಾಗ ಸುಯ್ ಎಂದು ಸಿಳ್ಳೆಯಂತಹ ಶಬ್ದ ಕೇಳಿಸುತ್ತದೆ. ಒಣ ಕೆಮ್ಮು ಬಿಡದೆ ಕಾಡುತ್ತದೆ. ಮಲಗಿದರೆ ಹೆಚ್ಚು, ಕುಳಿತರೆ ಸ್ವಲ್ಪ ಕಡಿಮೆ. ಕೆಲವರಿಗೆ, ಮುಖ್ಯವಾಗಿ ಮಕ್ಕಳಿಗೆ, ಸಿಳ್ಳೆಯ ಶಬ್ದವೇ ಇಲ್ಲದೆ ರಾತ್ರಿಯ ಕೆಮ್ಮು ಮಾತ್ರ ಕಾಣಿಸಿಕೊಳ್ಳುವುದೂ ಉಂಟು. ಅಂತಹ ಮಕ್ಕಳಿಗೆ ವರ್ಷಗಟ್ಟಲೆ ಬರಿಯ ಕೆಮ್ಮಿನ ಸಿರಪ್ಪು ಕುಡಿಸುತ್ತಾ ಕಾಲ ಕಳೆಯಲಾಗುತ್ತದೆ.

ಉಸಿರಿನ ಕಷ್ಟದ ಜೊತೆಗೆ ಭಯವೂ ಸೇರುತ್ತದೆ. ಮುಂದಿನ ಉಸಿರು ಬರುವುದೋ ಇಲ್ಲವೋ ಎಂಬ ಹೆದರಿಕೆಯಿಂದ ರೋಗಿ ಬೇಗ ಬೇಗ ಉಸಿರಾಡುತ್ತಾನೆ. ಬೇಗ ಉಸಿರಾಡಿದಷ್ಟೂ ಹೊರಬಿಡಲು ಸಮಯ ಸಾಲದೆ ಗಾಳಿ ಇನ್ನಷ್ಟು ಒಳಗೇ ಉಳಿಯುತ್ತದೆ. ಸುತ್ತ ನಿಂತವರು ಗಾಬರಿಗೊಂಡು ಕೂಗಾಡಿದರೆ ಈ ಭಯ ಇಮ್ಮಡಿಯಾಗುತ್ತದೆ. ಆದುದರಿಂದ ರೋಗಿಯ ಬಳಿ ಇರುವವರ ಶಾಂತ ಸ್ವಭಾವವೂ ಚಿಕಿತ್ಸೆಯ ಒಂದು ಭಾಗವೇ.

ಒಳಗೆ ನಡೆಯುವುದೇನು?

ಮೂಗಿನಿಂದ ಹೋದ ಗಾಳಿ ಶ್ವಾಸನಾಳದ ಮೂಲಕ ಇಳಿದು, ಮರದ ಕೊಂಬೆಗಳಂತೆ ಕವಲೊಡೆದ ಸಣ್ಣ ಸಣ್ಣ ನಾಳಗಳಲ್ಲಿ ಹಾದು, ಶ್ವಾಸಕೋಶದ ಚೀಲಗಳನ್ನು ಸೇರುತ್ತದೆ. ಅಸ್ತಮಾ ಇರುವವರಲ್ಲಿ ಈ ಸಣ್ಣ ನಾಳಗಳ ಒಳಪದರ ಸದಾ ಸ್ವಲ್ಪ ಉರಿಯೂತದಿಂದ ಕೂಡಿರುತ್ತದೆ. ಹೊರಗಿನಿಂದ ಏನೂ ಕಾಣಿಸದ ದಿನಗಳಲ್ಲಿಯೂ ಇದು ಇರುತ್ತದೆ. ಧೂಳು, ಹೊಗೆ, ಶೀತ ಮುಂತಾದವು ತಾಗಿದಾಗ ಮೂರು ಕೆಲಸಗಳು ಒಟ್ಟಿಗೆ ನಡೆಯುತ್ತವೆ. ಮೊದಲನೆಯದು, ನಾಳದ ಸುತ್ತಲಿನ ಸ್ನಾಯು ಬಿಗಿಯುತ್ತದೆ. ಎರಡನೆಯದು, ಒಳಪದರ ಊದಿಕೊಳ್ಳುತ್ತದೆ. ಮೂರನೆಯದು, ಅಂಟಾದ ಕಫ ಕೂಡಿಕೊಂಡು ಉಳಿದ ದಾರಿಯನ್ನೂ ಮುಚ್ಚುತ್ತದೆ.

ತೋಟಕ್ಕೆ ಪೈಪಿನಲ್ಲಿ ನೀರು ಹಾಯಿಸುವವರಿಗೆ ಮುಂದಿನ ಲೆಕ್ಕ ಸುಲಭವಾಗಿ ಅರ್ಥವಾದೀತು. ಪೈಪಿನ ಒಳವ್ಯಾಸ ಅರ್ಧಕ್ಕೆ ಇಳಿದರೆ ನೀರಿನ ಹರಿವು ಅರ್ಧವಾಗುವುದಲ್ಲ. ಅಡೆತಡೆಯಿಲ್ಲದ ನಯವಾದ ಹರಿವಿನಲ್ಲಿ ಅದೇ ಒತ್ತಡಕ್ಕೆ ಬರುವ ನೀರು ಹದಿನಾರನೆಯ ಒಂದು ಪಾಲಿಗೆ ಇಳಿಯುತ್ತದೆ. ಶ್ವಾಸನಾಳಗಳಿಗೂ ಸರಿಸುಮಾರು ಇದೇ ನಿಯಮ. ನಾಳ ಸ್ವಲ್ಪ ಕಿರಿದಾದರೂ ಉಸಿರಿಗೆ ಬಹಳ ಕಷ್ಟ. ಅದೇ ರೀತಿ ಔಷಧಿಯಿಂದ ನಾಳ ಸ್ವಲ್ಪ ತೆರೆದುಕೊಂಡರೂ ದೊಡ್ಡ ಉಪಶಮನ.

ರಾತ್ರಿಯ ಕೊನೆಯ ಜಾವದಲ್ಲಿ, ಕೋಳಿ ಕೂಗುವುದಕ್ಕೆ ಮೊದಲು, ದಮ್ಮು ಹೆಚ್ಚುವುದೇಕೆಂದು ಹಲವರು ಕೇಳುತ್ತಾರೆ. ಉರಿಯೂತವನ್ನು ಹತೋಟಿಯಲ್ಲಿಡುವ ಕಾರ್ಟಿಸಾಲ್ ಎಂಬ ರಸ ನಮ್ಮ ದೇಹದಲ್ಲಿ ರಾತ್ರಿ ವೇಳೆ ಕಡಿಮೆಯಾಗುತ್ತದೆ. ನಾಳಗಳು ಸಹಜವಾಗಿಯೇ ಆ ಹೊತ್ತಿನಲ್ಲಿ ಸ್ವಲ್ಪ ಕಿರಿದಾಗುತ್ತವೆ. ಹಾಸಿಗೆಯ ಧೂಳೂ ಮೂಗಿನ ಬಳಿಯೇ ಇರುತ್ತದೆ. ತಿಂಗಳಿಗೆ ಎರಡು ಮೂರು ಸಲ ರಾತ್ರಿ ದಮ್ಮಿನಿಂದ ಎಚ್ಚರವಾಗುತ್ತಿದ್ದರೆ ಕಾಯಿಲೆ ಹತೋಟಿಯಲ್ಲಿಲ್ಲವೆಂದೇ ತಿಳಿದು ವೈದ್ಯರನ್ನು ಕಾಣಬೇಕು.

ದಮ್ಮನ್ನು ಕೆರಳಿಸುವವು: ಮನೆ, ಹಟ್ಟಿ, ತೋಟ

ಎಲ್ಲರಿಗೂ ಎಲ್ಲವೂ ಆಗದೆಂದಿಲ್ಲ. ಯಾವುದು ತಾಗಿದಾಗ ತನಗೆ ದಮ್ಮು ಬರುತ್ತದೆಂದು ರೋಗಿಯೇ ಕೆಲವು ವಾರ ಒಂದು ಪುಸ್ತಕದಲ್ಲಿ ಬರೆದಿಡುತ್ತಾ ಬಂದರೆ ಕಾರಣ ತಾನಾಗಿ ತಿಳಿದುಬರುತ್ತದೆ. ನಮ್ಮ ಕಡೆಯ ಮುಖ್ಯ ಕಾರಣಗಳು ಇವು.

ಅಡಿಕೆ: ಚಾಲಿ ಅಡಿಕೆ ಸುಲಿಯುವಾಗ ಏಳುವ ಸಿಪ್ಪೆಯ ನಾರು ಮತ್ತು ಬೂಸ್ಟಿನ ಧೂಳು ಬಹಳ ಸೂಕ್ಷ್ಮವಾದದ್ದು. ಸರಿಯಾಗಿ ಒಣಗದೆ ಮಳೆಗೆ ಸಿಕ್ಕಿದ ಅಡಿಕೆಯಲ್ಲಿ ಬೂಸ್ಟು ಇನ್ನೂ ಹೆಚ್ಚು. ಸುಲಿಯುವ ಕೆಲಸವನ್ನು ಮುಚ್ಚಿದ ಕೋಣೆಯಲ್ಲಿ ಮಾಡದೆ, ಗಾಳಿಯಾಡುವ ಚಾವಡಿಯಲ್ಲಿ, ಗಾಳಿ ಬರುವ ದಿಕ್ಕಿಗೆ ಕುಳಿತು ಮಾಡಬೇಕು. ಮುಖಕ್ಕೆ ಬೈರಾಸು ಸುತ್ತಿಕೊಂಡರೆ ದಪ್ಪ ಧೂಳು ಮಾತ್ರ ತಡೆಯುತ್ತದೆ. ಸೂಕ್ಷ್ಮ ಧೂಳಿಗೆ ಎನ್-95 ಮುಖಗವಸು ಬೇಕು. ಮುಖಗವಸಿನಿಂದಲೇ ಉಸಿರಾಡಲು ಕಷ್ಟವೆನಿಸುವ ರೋಗಿ ಆ ಕೆಲಸವನ್ನು ಬೇರೆಯವರಿಗೆ ಬಿಟ್ಟುಕೊಡುವುದೇ ಲೇಸು.

ಹಟ್ಟಿ: ಮಳೆಗೆ ನೆನೆದು ಬಿಸಿಯಾದ ಬೈಹುಲ್ಲು, ಹಟ್ಟಿಗೆ ಹಾಸುವ ತರಗೆಲೆ, ಹಿಂಡಿ ಮತ್ತು ತೌಡಿನ ಧೂಳು, ಕೋಳಿಗೂಡಿನ ಗರಿ ಇವೆಲ್ಲ ದಮ್ಮಿಗೆ ಕಾರಣ. ಹುಲ್ಲಿನ ಕಂತೆ ಬಿಚ್ಚುವ ಮೊದಲು ಸ್ವಲ್ಪ ನೀರು ಚಿಮುಕಿಸಿದರೆ ಧೂಳು ಏಳುವುದಿಲ್ಲ. ಬೂಸ್ಟು ಹಿಡಿದ ಹುಲ್ಲನ್ನು ಮುಟ್ಟಿದ 4ರಿಂದ 8 ಗಂಟೆಗಳ ಬಳಿಕ ಚಳಿಜ್ವರ, ಮೈಕೈನೋವು, ಕೆಮ್ಮು ಬರುವುದಾದರೆ ಅದು ಅಸ್ತಮಾ ಅಲ್ಲದೆ, ‘ರೈತನ ಶ್ವಾಸಕೋಶ’ ಎಂದು ಕರೆಯುವ ಬೇರೆಯೇ ಕಾಯಿಲೆಯಾಗಿರಬಹುದು. ವೈದ್ಯರಿಗೆ ಹೇಳುವಾಗ ನೀವು ಮಾಡುವ ಕೆಲಸವನ್ನೂ ತಪ್ಪದೆ ಹೇಳಬೇಕು.

ಹೊಗೆ: ಅಡುಗೆಗೆ ಗ್ಯಾಸ್ ಬಂದಿದ್ದರೂ ಬಚ್ಚಲಿನ ಒಲೆಯ ಹೊಗೆ ಅನೇಕ ಮನೆಗಳಲ್ಲಿ ಇನ್ನೂ ಒಳಗೇ ಸುತ್ತುತ್ತದೆ. ಹಸಿ ಮಡಲು, ತೆಂಗಿನ ಸಿಪ್ಪೆ ಸುಟ್ಟರೆ ಹೊಗೆ ಹೆಚ್ಚು. ಒಣಗಿದ ಸೌದೆ ಬಳಸಿ, ಒಲೆಗೆ ಹೊಗೆಕೊಳವೆ ಕಟ್ಟಿಸಬೇಕು. ಸುಡುಮಣ್ಣು ಮಾಡುವ ಹೊಗೆ, ಗೇರುಬೀಜದ ಸಿಪ್ಪೆ ಸುಡುವ ಖಾರ ಹೊಗೆ, ರಬ್ಬರಿನ ಹೊಗೆಗೂಡು, ಸೊಳ್ಳೆಬತ್ತಿ, ಬೀಡಿ ಇವೆಲ್ಲವೂ ಇದೇ ಸಾಲಿಗೆ ಸೇರುತ್ತವೆ. ಮನೆಯೊಳಗೆ ಒಬ್ಬರು ಬೀಡಿ ಸೇದಿದರೆ ತೊಟ್ಟಿಲಿನ ಮಗುವೂ ಅದರ ಪಾಲು ಪಡೆಯುತ್ತದೆ. ಇಗರ್ಜಿಯಲ್ಲಿ ಹಾಕುವ ಧೂಪವನ್ನೂ ಇಲ್ಲಿ ಮರೆಯುವಂತಿಲ್ಲ. ಧೂಪ ಆಗದವರು ಬಾಗಿಲ ಬಳಿ ಅಥವಾ ಕಿಟಕಿಯ ಪಕ್ಕ ಕುಳಿತುಕೊಳ್ಳಲಿ. ಕಷ್ಟವೆನಿಸಿದರೆ ಸಂಕೋಚವಿಲ್ಲದೆ ಹೊರಗೆ ಹೋಗಲಿ. ಇದರಿಂದ ಭಕ್ತಿಗೆ ಯಾವ ಕುಂದೂ ಇಲ್ಲ.

ಸಿಂಪಡಣೆ: ಕೊಳೆರೋಗಕ್ಕೆ ಬೋರ್ಡೋ ಮಿಶ್ರಣ ಮಾಡುವಾಗ ಸುಣ್ಣದ ಪುಡಿ ಮತ್ತು ಸಿಂಪಡಣೆಯ ತುಂತುರು ಎರಡೂ ಶ್ವಾಸನಾಳವನ್ನು ಕೆರಳಿಸುತ್ತವೆ. ದಮ್ಮು ಇರುವವರು ಮರದ ಕೆಳಗೆ ನಿಂತು ಪೈಪು ಹಿಡಿಯುವ ಕೆಲಸಕ್ಕೂ ಹೋಗಬಾರದು. ತುಂತುರು ಗಡಿಕಲ್ಲಿಗೆ ಬಂದು ನಿಲ್ಲುವುದಿಲ್ಲ ಎಂಬುದನ್ನು ನಮ್ಮ ಜಿಲ್ಲೆಯವರಿಗೆ ಬೇರೆಯವರು ಹೇಳಬೇಕಾಗಿಲ್ಲ. ಗೇರು ತೋಟಗಳಿಗೆ ಆಕಾಶದಿಂದ ಸಿಂಪಡಿಸಿದ ಎಂಡೋಸಲ್ಫಾನ್ ಊರಿನ ಬಾವಿ, ತೋಡುಗಳಿಗೂ ಬಿದ್ದ ಕಥೆ ಎಲ್ಲರಿಗೂ ಗೊತ್ತು. ಸುಪ್ರೀಂ ಕೋರ್ಟು 2011ರಲ್ಲಿ ಅದನ್ನು ದೇಶಾದ್ಯಂತ ತಡೆಯಿತು. ನೆರೆಮನೆಯಲ್ಲಿ ದಮ್ಮಿನವರಿದ್ದರೆ ಸಿಂಪಡಿಸುವ ದಿನವನ್ನು ಮೊದಲೇ ತಿಳಿಸುವುದು ಒಳ್ಳೆಯ ನೆರೆತನ.

ಹಾಸಿಗೆ ಮತ್ತು ತೇವ: ಹತ್ತಿಯ ಹಾಸಿಗೆ, ದಿಂಬು, ಕಂಬಳಿಗಳಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕ ಧೂಳುಕ್ರಿಮಿಗಳು ವಾಸಿಸುತ್ತವೆ. ನಮ್ಮ ಕರಾವಳಿಯ ತೇವದ ಹವೆ ಅವುಗಳಿಗೆ ಬಹಳ ಹಿತ. ಹೊದಿಕೆ, ದಿಂಬಿನ ಚೀಲಗಳನ್ನು ವಾರಕ್ಕೊಮ್ಮೆ 60 ಡಿಗ್ರಿಯಷ್ಟು ಬಿಸಿನೀರಿನಲ್ಲಿ ಒಗೆದು, ಬಿಸಿಲು ಬಿದ್ದ ದಿನ ಹಾಸಿಗೆಯನ್ನು ಹೊರಗೆ ಹಾಕಬೇಕು. ಕೊಡವುವ ಕೆಲಸ ರೋಗಿಯದಾಗಬಾರದು. ಒಣ ಪೊರಕೆಯ ಬದಲು ಒದ್ದೆ ಬಟ್ಟೆಯಿಂದ ನೆಲ ಒರೆಸುವುದು ಮೇಲು.

ಶೀತ ಮತ್ತು ಔಷಧಿ: ನೆಗಡಿ, ಫ್ಲೂ ಬಂದಾಗ ದಮ್ಮು ಕೆರಳುವುದು ಸರ್ವಸಾಮಾನ್ಯ. ಕೆಲವರಿಗೆ ಆಸ್ಪಿರಿನ್, ಐಬುಪ್ರೊಫೇನ್, ಡೈಕ್ಲೋಫೆನಾಕ್‌ನಂತಹ ನೋವಿನ ಮಾತ್ರೆಗಳಿಂದಲೂ, ರಕ್ತದೊತ್ತಡ ಅಥವಾ ಮೈಗ್ರೇನಿಗೆ ಕೊಡುವ ಪ್ರೊಪ್ರನಲಾಲ್‌ನಿಂದಲೂ ತೀವ್ರ ದಮ್ಮು ಬರಬಹುದು. ಅಂಗಡಿಯಲ್ಲಿ ನೋವಿನ ಮಾತ್ರೆ ಕೇಳುವಾಗ “ನನಗೆ ದಮ್ಮು ಇದೆ” ಎಂದು ಹೇಳಲು ಮರೆಯಬೇಡಿ.

ದಮ್ಮು ಬಂದಾಗ ಏನು ಮಾಡಬೇಕು?

1. ಹೊಗೆ, ಧೂಳು ಇರುವ ಜಾಗದಿಂದ ರೋಗಿಯನ್ನು ಹೊರಗೆ ಕರೆತನ್ನಿ. ಸುತ್ತ ಗುಂಪುಗೂಡಬೇಡಿ.

2. ಮಲಗಿಸಬೇಡಿ. ಕುರ್ಚಿಯಲ್ಲಿ ಕುಳ್ಳಿರಿಸಿ, ಸ್ವಲ್ಪ ಮುಂದಕ್ಕೆ ಬಾಗಿ ಮೊಣಕೈಗಳನ್ನು ಮೇಜಿನ ಮೇಲೆ ಅಥವಾ ತೊಡೆಗಳ ಮೇಲೆ ಊರಲು ಹೇಳಿ. ಇದರಿಂದ ಉಸಿರಾಟಕ್ಕೆ ನೆರವಾಗುವ ಕತ್ತು ಮತ್ತು ಭುಜದ ಸ್ನಾಯುಗಳಿಗೆ ಆಧಾರ ಸಿಗುತ್ತದೆ. ಚರಕ ಸಂಹಿತೆಯಲ್ಲಿ ‘ತಮಕ ಶ್ವಾಸ’ವೆಂಬ ಕಾಯಿಲೆಯನ್ನು ವರ್ಣಿಸುವಾಗಲೂ ರೋಗಿಗೆ ಮಲಗಿದರೆ ಕಷ್ಟ, ಕುಳಿತರೆ ಹಿತವೆಂದು ಹೇಳಿದೆ. ಕುತ್ತಿಗೆಯ ಗುಂಡಿ, ಸೊಂಟದ ಪಟ್ಟಿ, ಸೀರೆಯ ಬಿಗಿ ಸಡಿಲಿಸಿ.

3. ತಕ್ಷಣ ಉಪಶಮನದ ಇನ್‌ಹೇಲರ್ ಕೊಡಿ. ಸಾಮಾನ್ಯವಾಗಿ ಇದು ಸಾಲ್ಬುಟಮಾಲ್. ಒಂದು ಸಲಕ್ಕೆ ಒಂದೇ ಒತ್ತು. ಸ್ಪೇಸರ್ ಇದ್ದರೆ ಅದರ ಮೂಲಕ ಪ್ರತಿ ಒತ್ತಿಗೆ ನಾಲ್ಕು ಉಸಿರು ತೆಗೆದುಕೊಳ್ಳಲಿ. ಹೀಗೆ ಒಟ್ಟು 4 ಒತ್ತು. ನಿಮ್ಮ ವೈದ್ಯರು ಬೇರೆ ಇನ್‌ಹೇಲರ್, ಬೇರೆ ಲೆಕ್ಕ ಬರೆದುಕೊಟ್ಟಿದ್ದರೆ ಅದನ್ನೇ ಅನುಸರಿಸಿ.

4. ಉಸಿರನ್ನು ನಿಧಾನಗೊಳಿಸಿ. ಮೂಗಿನಿಂದ ಮನಸ್ಸಿನಲ್ಲಿ ಎರಡು ಎಣಿಸುವಷ್ಟು ಹೊತ್ತು ಎಳೆದುಕೊಂಡು, ದೀಪ ಆರದಂತೆ ಮೆಲ್ಲನೆ ಊದುವ ಹಾಗೆ ತುಟಿಗಳನ್ನು ಸಣ್ಣದು ಮಾಡಿ ನಾಲ್ಕು ಎಣಿಸುವಷ್ಟು ಹೊತ್ತು ಬಿಡಬೇಕು. ತುಟಿ ಸಣ್ಣದಾದಾಗ ಒಳಗಿನ ನಾಳಗಳಲ್ಲಿ ಸ್ವಲ್ಪ ಒತ್ತಡ ಉಳಿದು ಅವು ಬೇಗ ಮುಚ್ಚಿಕೊಳ್ಳುವುದಿಲ್ಲ. ಒಳಗೆ ಸಿಕ್ಕಿಬಿದ್ದ ಗಾಳಿ ಹೊರಬರಲು ಸಮಯ ಸಿಗುತ್ತದೆ. ಬಳಿಯಲ್ಲಿರುವವರು ತಾವೂ ಹಾಗೆಯೇ ಉಸಿರಾಡುತ್ತಾ ತೋರಿಸಿದರೆ ರೋಗಿ ಅದನ್ನು ಅನುಸರಿಸುತ್ತಾನೆ. ಬಲವಂತವಾಗಿ ಉಸಿರು ಹಿಡಿಯುವ ವ್ಯಾಯಾಮಗಳನ್ನು ಈ ಹೊತ್ತಿನಲ್ಲಿ ಮಾಡಿಸಬಾರದು.

5. ನಾಲ್ಕು ನಿಮಿಷ ಕಾಯಿರಿ. ಗಡಿಯಾರ ನೋಡಿ, ಗಾಬರಿಯಲ್ಲಿ ಒಂದು ನಿಮಿಷವೂ ಹತ್ತರಂತೆ ಕಾಣುತ್ತದೆ. ಕಡಿಮೆಯಾಗದಿದ್ದರೆ ಪುನಃ 4 ಒತ್ತು ಕೊಡಿ.

6. ಎರಡನೆಯ ಸಲವೂ ಸರಿಹೋಗದಿದ್ದರೆ 108ಕ್ಕೆ ಕರೆ ಮಾಡಿ, ಇಲ್ಲವೇ ಸಿಕ್ಕಿದ ವಾಹನದಲ್ಲಿ ಹೊರಡಿ. ದಾರಿಯಲ್ಲಿಯೂ ನಾಲ್ಕು ನಿಮಿಷಕ್ಕೊಮ್ಮೆ 4 ಒತ್ತುಗಳನ್ನು ಮುಂದುವರಿಸಿ. ರೋಗಿಯನ್ನು ಕುಳ್ಳಿರಿಸಿಯೇ ಕರೆದೊಯ್ಯಿರಿ. ಗುಡ್ಡದ ಮೇಲಿನ ಮನೆಯಾದರೆ ನಡೆಸಬೇಡಿ. ಕುರ್ಚಿಯಲ್ಲಿ ಕೂರಿಸಿ ಹೊತ್ತು ಇಳಿಸಿ.

ಕಾಯದೆ ಹೊರಡಬೇಕಾದ ಚಿಹ್ನೆಗಳು

ಒಂದು ವಾಕ್ಯವನ್ನು ಒಂದೇ ಉಸಿರಿಗೆ ಹೇಳಲಾಗದೆ ಒಂದೊಂದೇ ಪದ ಹೇಳುವುದು. ತುಟಿ, ಉಗುರುಗಳು ನೀಲಿಯಾಗುವುದು. ಉಸಿರೆಳೆಯುವಾಗ ಪಕ್ಕೆಲುಬುಗಳ ನಡುವೆ, ಕತ್ತಿನ ಬುಡದಲ್ಲಿ ಚರ್ಮ ಒಳಗೆ ಗುಳಿಬೀಳುವುದು (ಮಕ್ಕಳಲ್ಲಿ ಇದನ್ನು ಮುಖ್ಯವಾಗಿ ನೋಡಬೇಕು). ಮಗು ಹಾಲು ಕುಡಿಯದಿರುವುದು. ತೂಕಡಿಕೆ ಅಥವಾ ಗೊಂದಲ. ಇವುಗಳಲ್ಲಿ ಒಂದು ಕಂಡರೂ ಇನ್‌ಹೇಲರ್ ಕೊಡುತ್ತಲೇ ಆಸ್ಪತ್ರೆಗೆ ಹೊರಡಬೇಕು.

ಒಂದು ಚಿಹ್ನೆಯ ಬಗ್ಗೆ ವಿಶೇಷ ಎಚ್ಚರಿಕೆ ಅಗತ್ಯ. ಇಷ್ಟು ಹೊತ್ತು ಸುಯ್‌ಗುಡುತ್ತಿದ್ದ ಎದೆ ಒಮ್ಮೆಲೇ ನಿಶ್ಶಬ್ದವಾಗಿ, ರೋಗಿ ಸುಸ್ತಾಗಿ ಸುಮ್ಮನಾದರೆ “ದಮ್ಮು ಇಳಿಯಿತು, ನಿದ್ದೆ ಬಂತು” ಎಂದು ಮನೆಯವರು ಸಮಾಧಾನಪಟ್ಟುಕೊಳ್ಳುವುದುಂಟು. ಶಬ್ದ ಬರಬೇಕಾದರೆ ಗಾಳಿ ಓಡಾಡಬೇಕು. ಗಾಳಿಯೇ ಓಡಾಡದಷ್ಟು ನಾಳಗಳು ಮುಚ್ಚಿದಾಗಲೂ ಶಬ್ದ ನಿಲ್ಲುತ್ತದೆ. ಉಸಿರು ಹಗುರವಾಗಿ, ಮುಖ ಗೆಲುವಾಗಿ, ಮಾತು ಸರಾಗವಾಗಿ ಬಂದರೆ ಮಾತ್ರ ಅದು ಗುಣ. ಇಲ್ಲದಿದ್ದರೆ ಅದು ಅತ್ಯಂತ ಅಪಾಯದ ಹೊತ್ತು.

ಎರಡು ಬಗೆಯ ಔಷಧಿ

ಅಸ್ತಮಾದ ಔಷಧಿಗಳನ್ನು ಉಪಶಮನದ ಔಷಧಿ ಮತ್ತು ತಡೆಯುವ ಔಷಧಿ ಎಂದು ಎರಡಾಗಿ ತಿಳಿದುಕೊಳ್ಳಬೇಕು. ಸಾಲ್ಬುಟಮಾಲ್ ಬಿಗಿದ ಸ್ನಾಯುವನ್ನು ಕೆಲವೇ ನಿಮಿಷಗಳಲ್ಲಿ ಸಡಿಲಿಸುತ್ತದೆ. ಅದರ ಪರಿಣಾಮ 4ರಿಂದ 6 ಗಂಟೆ ಇರುತ್ತದೆ. ಆದರೆ ಒಳಪದರದ ಉರಿಯೂತವನ್ನು ಅದು ಮುಟ್ಟುವುದಿಲ್ಲ. ಉರಿಯೂತವನ್ನು ಇಳಿಸುವುದು ಬ್ಯೂಡೆಸೊನೈಡ್‌ನಂತಹ ಉಸಿರಿನ ಮೂಲಕ ತೆಗೆದುಕೊಳ್ಳುವ ಸ್ಟೀರಾಯ್ಡ್. ಇದರ ಗುಣ ಕಾಣಲು ದಿನಗಳು, ವಾರಗಳು ಬೇಕು; ದಮ್ಮು ಇಲ್ಲದ ದಿನವೂ ತೆಗೆದುಕೊಳ್ಳಬೇಕು. ಮನೆಗೆ ಗೆದ್ದಲು ಹಿಡಿದಾಗ ಮೇಲಿನ ಮಣ್ಣು ಗುಡಿಸುವುದಕ್ಕೂ ಹುತ್ತದ ಬುಡಕ್ಕೆ ಮದ್ದು ಹಾಕುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯೂ ಇದೆ.

ಅಸ್ತಮಾ ಚಿಕಿತ್ಸೆಯ ಬಗ್ಗೆ ಜಗತ್ತಿಗೆಲ್ಲ ಮಾರ್ಗಸೂಚಿ ಕೊಡುವ ‘ಜೀನಾ’ ಎಂಬ ವೈದ್ಯರ ಒಕ್ಕೂಟ 2019ರಿಂದ ಒಂದು ಮುಖ್ಯ ಬದಲಾವಣೆ ಮಾಡಿದೆ. ದೊಡ್ಡವರಲ್ಲಿಯೂ ಹದಿಹರೆಯದವರಲ್ಲಿಯೂ ಸಾಲ್ಬುಟಮಾಲ್ ಒಂದನ್ನೇ ನಂಬಿ ಇರುವ ಚಿಕಿತ್ಸೆ ಸಲ್ಲದು. ಕಾಯಿಲೆ ಸೌಮ್ಯವಾಗಿದ್ದರೂ ಸ್ಟೀರಾಯ್ಡ್ ಇನ್‌ಹೇಲರ್ ಜೊತೆಗಿರಬೇಕು ಎಂಬುದೇ ಆ ಬದಲಾವಣೆ. ಬ್ಯೂಡೆಸೊನೈಡ್ ಮತ್ತು ಫಾರ್ಮೊಟೆರಾಲ್ ಸೇರಿದ ಒಂದೇ ಇನ್‌ಹೇಲರನ್ನು ಉಪಶಮನಕ್ಕೂ ತಡೆಗೂ ಬಳಸುವ ಕ್ರಮವೂ ಈಗ ಬಂದಿದೆ. ವರ್ಷಗಳ ಹಿಂದೆ ಬರೆದುಕೊಟ್ಟ ಚೀಟಿಯನ್ನೇ ತೋರಿಸಿ ಅಂಗಡಿಯಿಂದ ಸಾಲ್ಬುಟಮಾಲ್ ತರುತ್ತಿರುವವರು ಒಮ್ಮೆ ವೈದ್ಯರನ್ನು ಕಂಡು ಚಿಕಿತ್ಸೆಯನ್ನು ಸರಿಪಡಿಸಿಕೊಳ್ಳಬೇಕು. 200 ಒತ್ತುಗಳ ಉಪಶಮನದ ಇನ್‌ಹೇಲರ್ ವರ್ಷಕ್ಕೆ ಮೂರು ಅಥವಾ ಹೆಚ್ಚು ಮುಗಿಯುತ್ತಿದ್ದರೆ ತೀವ್ರ ದಮ್ಮಿನ ಅಪಾಯ ಹೆಚ್ಚು. ಹನ್ನೆರಡು ಮುಗಿದರೆ ಜೀವಕ್ಕೇ ಅಪಾಯ.

ಇನ್‌ಹೇಲರ್ ಬಳಸುವ ಸರಿಯಾದ ಕ್ರಮ

ಔಷಧಿ ಒಳ್ಳೆಯದಿದ್ದು ಬಳಸುವ ಕ್ರಮ ತಪ್ಪಿದರೆ ಅದು ಬಾಯಿ, ಗಂಟಲಿನಲ್ಲೇ ಉಳಿಯುತ್ತದೆ. ಡಬ್ಬಿಯನ್ನು ಚೆನ್ನಾಗಿ ಕುಲುಕಿ. ಉಸಿರನ್ನು ಪೂರ್ತಿ ಹೊರಬಿಡಿ. ತುಟಿಗಳಿಂದ ಕೊಳವೆಯನ್ನು ಬಿಗಿಯಾಗಿ ಮುಚ್ಚಿ, ನಿಧಾನವಾಗಿ ಉಸಿರೆಳೆಯಲು ಆರಂಭಿಸಿದೊಡನೆ ಒಮ್ಮೆ ಒತ್ತಿ, ಎಳೆಯುವುದನ್ನು ಮುಂದುವರಿಸಿ. ಸಾಧ್ಯವಾದರೆ ಹತ್ತು ಎಣಿಸುವ ತನಕ ಉಸಿರು ಹಿಡಿದು ಬಿಡಿ. ಸ್ಟೀರಾಯ್ಡ್ ಇನ್‌ಹೇಲರ್ ಆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿ. ಪುಡಿಯ ಕ್ಯಾಪ್ಸೂಲ್ ಹಾಕುವ ರೋಟಾಹೇಲರ್ ಆದರೆ ನಿಧಾನವಾಗಿ ಅಲ್ಲ, ಬಲವಾಗಿ, ಆಳವಾಗಿ ಎಳೆಯಬೇಕು. ಆ ಕ್ಯಾಪ್ಸೂಲನ್ನು ನೀರಿನೊಡನೆ ನುಂಗಬಾರದು.

ಮಕ್ಕಳಿಗೆ, ವೃದ್ಧರಿಗೆ ಒತ್ತುವುದೂ ಎಳೆಯುವುದೂ ಒಟ್ಟಿಗೆ ಆಗದು. ಅವರಿಗೆ ಸ್ಪೇಸರ್ ಎಂಬ ಕೊಳವೆಯ ಡಬ್ಬಿ ಬೇಕು. ಅದನ್ನು ಕೊಂಡಿಲ್ಲದ ಮನೆಯವರಿಗೆ ಒಂದು ಉಪಾಯವಿದೆ. ಅರ್ಧ ಲೀಟರಿನ ಖಾಲಿ ಪ್ಲಾಸ್ಟಿಕ್ ನೀರಿನ ಬಾಟಲಿಯನ್ನು ತೊಳೆದು ಒಣಗಿಸಿ, ಅದರ ತಳದಲ್ಲಿ ಇನ್‌ಹೇಲರಿನ ಬಾಯಿ ಸರಿಯಾಗಿ ಕೂರುವಷ್ಟು ತೂತು ಮಾಡಿ, ಸಂದಿಯಿಂದ ಗಾಳಿ ಸೋರದಂತೆ ಅಂಟುಪಟ್ಟಿ ಸುತ್ತಬೇಕು. ಮೊದಲು ಕೆಲವು ಒತ್ತುಗಳನ್ನು ಒಳಗೆ ಬಿಟ್ಟು ಪ್ಲಾಸ್ಟಿಕ್ಕಿನ ಗೋಡೆ ಔಷಧಿಯನ್ನು ಎಳೆದುಕೊಳ್ಳದಂತೆ ಮಾಡಬೇಕು. ಆಮೇಲೆ ಬಾಟಲಿಯ ಬಾಯಿಯನ್ನು ರೋಗಿಯ ಬಾಯಿಗಿಟ್ಟು, ಒಂದು ಒತ್ತು ಬಿಟ್ಟು, ನಾಲ್ಕು ಉಸಿರು ತೆಗೆದುಕೊಂಡರೆ ಸಾಕು. ದಕ್ಷಿಣ ಆಫ್ರಿಕಾದ ಕೇಪ್‌ಟೌನಿನ ಮಕ್ಕಳ ವೈದ್ಯರು ಇದನ್ನು ಪರೀಕ್ಷಿಸಿ, ಹೀಗೆ ಮಾಡಿದ ಬಾಟಲಿ ಅಂಗಡಿಯ ಸ್ಪೇಸರಿನಷ್ಟೇ ಕೆಲಸ ಮಾಡುತ್ತದೆಂದು 1999ರಲ್ಲಿ ಪ್ರಕಟಿಸಿದ್ದಾರೆ.

ನಾಟಿ ಮದ್ದುಗಳ ವಿಚಾರ

ನಮ್ಮ ಬೇಲಿಯ ಆಡುಸೋಗೆ ಸಾಮಾನ್ಯ ಗಿಡವಲ್ಲ. ಅದರಲ್ಲಿರುವ ವಾಸಿಸಿನ್ ಎಂಬ ಅಂಶವನ್ನು ಆಧರಿಸಿಯೇ ಕಫ ಕರಗಿಸುವ ಬ್ರೋಮ್‌ಹೆಕ್ಸಿನ್ ಔಷಧಿ ತಯಾರಾಯಿತು. ಕೆಮ್ಮಿಗೆ ಅದರ ಕಷಾಯ ಕುಡಿಯುವವರು ಕುಡಿಯಲಿ (ಗರ್ಭಿಣಿಯರು ಕುಡಿಯಬಾರದು); ಆದರೆ ಬಿಗಿದ ನಾಳವನ್ನು ನಿಮಿಷಗಳಲ್ಲಿ ತೆರೆಯಲು ಅದರಿಂದಾಗದು. ಉಮ್ಮತ್ತದ ಎಲೆ ಸುಟ್ಟು ಹೊಗೆ ಎಳೆಯುವ ಪದ್ಧತಿ ನಮ್ಮ ದೇಶದಿಂದ 19ನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿಗೂ ಹೋಗಿ ಅಲ್ಲಿ ‘ಅಸ್ತಮಾ ಸಿಗರೇಟು’ ಮಾರಾಟವಾದದ್ದುಂಟು. ಉಮ್ಮತ್ತ ಕಡು ವಿಷ. ಪ್ರಮಾಣ ಸ್ವಲ್ಪ ತಪ್ಪಿದರೂ ಬುದ್ಧಿಭ್ರಮಣೆ, ಮರಣ ಸಂಭವಿಸಬಹುದು. ಸುರಕ್ಷಿತ ಔಷಧಿ ಇರುವಾಗ ಅದರ ಹತ್ತಿರ ಹೋಗಬೇಡಿ. ಬಿಸಿನೀರಿನ ಹಬೆ ಮೂಗು ಕಟ್ಟಿದ್ದಕ್ಕೆ ಹಿತವೇ ಹೊರತು ದಮ್ಮಿಗೆ ಮದ್ದಲ್ಲ. ಅವಸರದಲ್ಲಿ ಪಾತ್ರೆ ಮಗುಚಿ ಮಕ್ಕಳು ಸುಟ್ಟುಕೊಳ್ಳುವ ಅಪಾಯವೂ ಇದೆ. ಕಡು ಕಾಫಿಗೆ ನಾಳವನ್ನು ತುಸು ಸಡಿಲಿಸುವ ಗುಣವಿದೆ. ಅದನ್ನು ನಂಬಿ ಆಸ್ಪತ್ರೆಗೆ ಹೊರಡುವುದನ್ನು ತಡಮಾಡಬಾರದು.

ಜೂನ್ ತಿಂಗಳಲ್ಲಿ ಮೃಗಶಿರಾ ಮಳೆ ಹುಟ್ಟುವ ದಿನ ಹೈದರಾಬಾದಿನಲ್ಲಿ ಜೀವಂತ ಮೀನಿನ ಬಾಯಲ್ಲಿ ಮದ್ದಿಟ್ಟು ನುಂಗಿಸುವುದನ್ನು ಎಲ್ಲರೂ ಕೇಳಿರಬಹುದು. ಅದರಿಂದ ಅಸ್ತಮಾ ಗುಣವಾಗುತ್ತದೆಂಬುದಕ್ಕೆ ವೈಜ್ಞಾನಿಕ ಆಧಾರ ದೊರೆತಿಲ್ಲ. ನಂಬಿಕೆಯಿಂದ ಹೋಗುವವರು ಇನ್‌ಹೇಲರನ್ನು ಜೊತೆಗೆ ಒಯ್ಯಲಿ, ಬಂದ ಮೇಲೆಯೂ ನಿಲ್ಲಿಸದಿರಲಿ.

ಹಲವರು ಕೇಳುವ ಪ್ರಶ್ನೆಗಳು

ಇನ್‌ಹೇಲರ್ ಒಮ್ಮೆ ಹಿಡಿದರೆ ಚಟವಾಗುತ್ತದಂತೆ. ಮಾತ್ರೆಯೇ ವಾಸಿಯಲ್ಲವೇ?
ಇನ್‌ಹೇಲರ್ ಚಟ ಹಿಡಿಸುವ ವಸ್ತುವಲ್ಲ. ಸಾಲ್ಬುಟಮಾಲಿನ ಒಂದು ಮಾತ್ರೆಯಲ್ಲಿ 4 ಮಿಲಿಗ್ರಾಂ ಔಷಧಿ ಇದ್ದರೆ, ಇನ್‌ಹೇಲರಿನ ಎರಡು ಒತ್ತುಗಳಲ್ಲಿ ಇರುವುದು ಅದರ ಇಪ್ಪತ್ತನೆಯ ಒಂದು ಪಾಲು ಮಾತ್ರ. ಮಾತ್ರೆ ಹೊಟ್ಟೆ, ರಕ್ತದ ಮೂಲಕ ಇಡೀ ಮೈಯನ್ನು ಸುತ್ತಿ ಬರಬೇಕು; ಕೈನಡುಕ, ಎದೆಬಡಿತ ಹೆಚ್ಚು. ಇನ್‌ಹೇಲರ್ ಬೇಕಾದ ಜಾಗಕ್ಕೇ ನೇರವಾಗಿ ಹೋಗುತ್ತದೆ.

ಗರ್ಭಿಣಿಯರು ನಿಲ್ಲಿಸಬೇಕೇ?
ನಿಲ್ಲಿಸಬಾರದು. ತಾಯಿಗೆ ಉಸಿರು ಕಟ್ಟಿದರೆ ಮಗುವಿಗೂ ಆಮ್ಲಜನಕ ಕಡಿಮೆಯಾಗುತ್ತದೆ. ಗರ್ಭಿಣಿಯಾದ ಸಂಗತಿಯನ್ನು ವೈದ್ಯರಿಗೆ ತಿಳಿಸಿ ಅವರ ಮಾತಿನಂತೆ ಮುಂದುವರಿಸಬೇಕು.

ದಮ್ಮು ಇರುವ ಮಕ್ಕಳನ್ನು ಆಟಕ್ಕೆ ಬಿಡಬಹುದೇ?
ಬಿಡಬೇಕು. ಮೊದಲು ಹತ್ತು ನಿಮಿಷ ನಿಧಾನವಾಗಿ ಮೈ ಬೆಚ್ಚಗಾಗಿಸಿಕೊಳ್ಳಲಿ. ಓಡುವಾಗ ಪ್ರತಿ ಸಲವೂ ದಮ್ಮು ಬರುವುದಾದರೆ ಔಷಧಿ ಸಾಲದೆಂದು ಅರ್ಥ. ಶಾಲೆಯ ಚೀಲದಲ್ಲಿ ಇನ್‌ಹೇಲರ್ ಇರಲಿ. ಬಳಸುವ ಕ್ರಮ ಟೀಚರಿಗೂ ತಿಳಿದಿರಲಿ.

ಮುದುಕರಿಗೆ ಬರುವ ಉಬ್ಬಸವೆಲ್ಲ ಅಸ್ತಮಾವೇ?
ಅಲ್ಲ. ಬೀಡಿ ಮತ್ತು ಒಲೆಯ ಹೊಗೆಯಿಂದ ಬರುವ ಸಿಒಪಿಡಿ, ಹೃದಯದ ದೌರ್ಬಲ್ಯ ಇವುಗಳಲ್ಲಿಯೂ ಉಬ್ಬಸ ಬರುತ್ತದೆ. ಎರಡು ವಾರ ಮೀರಿದ ಕೆಮ್ಮಿಗೆ ಕ್ಷಯದ ಕಫ ಪರೀಕ್ಷೆಯನ್ನೂ ಮಾಡಿಸಬೇಕು. ಊದಿ ನೋಡುವ ಸ್ಪೈರೋಮೆಟ್ರಿ ಪರೀಕ್ಷೆಯಿಂದ ಅಸ್ತಮಾ ಹೌದೋ ಅಲ್ಲವೋ ತಿಳಿಯಬಹುದು.

ಮಗಳಿಗೆ ದಮ್ಮು ಇರುವುದನ್ನು ಮದುವೆಯ ಮಾತುಕತೆಯಲ್ಲಿ ಹೇಳಬೇಕೇ?
ಈ ಪ್ರಶ್ನೆಯನ್ನು ಜೋರಾಗಿ ಕೇಳುವವರು ಕಡಿಮೆ; ಆದರೆ ಅನೇಕ ತಾಯಂದಿರ ಮನಸ್ಸಿನಲ್ಲಿ ಇದೆ. ಹೇಳಲೇಬೇಕು. ಅಸ್ತಮಾ ಅಂಟುರೋಗವಲ್ಲ, ನಾಚಿಕೆಯ ಸಂಗತಿಯೂ ಅಲ್ಲ. ವಂಶದಲ್ಲಿ ಬರುವ ಸಾಧ್ಯತೆ ಇದೆ, ಆದರೆ ಔಷಧಿಯಿಂದ ಹತೋಟಿಯಲ್ಲಿಟ್ಟುಕೊಂಡು ದುಡಿದು, ಹೆತ್ತು, ಮಕ್ಕಳನ್ನು ಬೆಳೆಸಿದವರು ನಮ್ಮ ನಡುವೆ ಬೇಕಾದಷ್ಟಿದ್ದಾರೆ. ಮುಚ್ಚಿಟ್ಟು ಮದುವೆಯಾದ ಹುಡುಗಿ ಅತ್ತೆಮನೆಯಲ್ಲಿ ಇನ್‌ಹೇಲರನ್ನು ಪೆಟ್ಟಿಗೆಯ ಅಡಿಯಲ್ಲಿ ಅಡಗಿಸಿಡುತ್ತಾಳೆ. ದಿನದ ಔಷಧಿ ತಪ್ಪುತ್ತದೆ. ರಾತ್ರಿ ದಮ್ಮು ಬಂದಾಗ ಬಾಯಿಬಿಟ್ಟು ಹೇಳಲೂ ಹೆದರುತ್ತಾಳೆ. ಒಂದು ಸಂಬಂಧ ತಪ್ಪಿಹೋದರೆ ಇನ್ನೊಂದು ಬಂದೀತು. ಹುಡುಗನಿಗೂ ಇದೇ ಮಾತು. ಸೊಸೆಯ ಇನ್‌ಹೇಲರ್ ದೇವರ ಮೂರ್ತಿಯ ಹಲಗೆಯ ಬಳಿ ಎಲ್ಲರ ಕೈಗೆ ಸಿಗುವಂತೆ ಇರುವ ಮನೆಯೇ ಒಳ್ಳೆಯ ಮನೆ.

ಮನೆಯಲ್ಲಿ ಇರಬೇಕಾದದ್ದು

ನಮ್ಮದು ಗಡಿಯ ಜಿಲ್ಲೆ. ದೊಡ್ಡ ಕಾಯಿಲೆಗೆ ಮಂಗಳೂರನ್ನೇ ನಂಬಿದವರು ನಾವು. 2020ರ ಮಾರ್ಚ್ ಕೊನೆಯಲ್ಲಿ ಕೋವಿಡ್ ಕಾರಣದಿಂದ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಕಾಸರಗೋಡಿನ ರೋಗಿಗಳು ಆಸ್ಪತ್ರೆ ಸೇರಲಾಗದೆ ಪಟ್ಟ ಪಾಡು, ಕೆಲವರು ಪ್ರಾಣವನ್ನೇ ಕಳೆದುಕೊಂಡದ್ದು ಯಾರಿಗೂ ಮರೆತಿಲ್ಲ. ಅಂತಹ ದಿನ ಪುನಃ ಬಾರದಿರಲಿ. ಆದರೆ ಜಡಿಮಳೆಗೆ ಮರ ಬಿದ್ದು ರಸ್ತೆ ಮುಚ್ಚುವುದು ಪ್ರತಿವರ್ಷ ನಡೆಯುವುದೇ. ಆದುದರಿಂದ ದಮ್ಮಿನವರಿರುವ ಮನೆಯಲ್ಲಿ ಮಳೆಗಾಲಕ್ಕೆ ಮೊದಲು ಇಷ್ಟನ್ನು ಸಿದ್ಧಪಡಿಸಿ:

ಬಳಸುತ್ತಿರುವ ಇನ್‌ಹೇಲರಿನ ಜೊತೆಗೆ ತೆರೆಯದ ಇನ್ನೊಂದು, ಅವಧಿ ಮುಗಿದಿದೆಯೇ ಎಂದು ನೋಡಿ. ಒಂದು ಸ್ಪೇಸರ್. ಸಾಧ್ಯವಾದರೆ ಪೀಕ್ ಫ್ಲೋ ಮೀಟರ್; ಆರೋಗ್ಯವಾಗಿರುವ ದಿನ ಊದಿದ ಅತ್ಯುತ್ತಮ ಅಂಕೆಯನ್ನು ಬರೆದಿಟ್ಟು, ಅದರ 80 ಶೇಕಡಕ್ಕಿಂತ ಕೆಳಗಿಳಿದರೆ ಎಚ್ಚರಿಕೆ, 50 ಶೇಕಡಕ್ಕಿಂತ ಕೆಳಗಿಳಿದರೆ ಅಪಾಯ ಎಂದು ತಿಳಿಯಬೇಕು. ಔಷಧಿಗಳು ಜನೌಷಧಿ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆಯೇ ಎಂದು ವಿಚಾರಿಸಿ; ಹಣದ ಅಡಚಣೆಯಿಂದ ಔಷಧಿ ನಿಲ್ಲಿಸಿದವರು ನಮ್ಮನ್ನೋ ವಾಳೆಯ ಗುರಿಕಾರರನ್ನೋ ಕಂಡು ಮಾತಾಡಲಿ.

ಕೊನೆಯದಾಗಿ, ಒಂದು ಕಾಗದದಲ್ಲಿ ದಪ್ಪ ಅಕ್ಷರಗಳಲ್ಲಿ ಹೀಗೆ ಬರೆದು ಗೋಡೆಗೆ ಅಂಟಿಸಿ: ರೋಗಿಯ ಹೆಸರು, ಉಪಶಮನದ ಇನ್‌ಹೇಲರಿನ ಹೆಸರು ಮತ್ತು ಬಣ್ಣ, ಎಷ್ಟು ಒತ್ತು, ಎಷ್ಟು ನಿಮಿಷಕ್ಕೊಮ್ಮೆ, ಆಗದ ಮಾತ್ರೆಗಳು, ವೈದ್ಯರ ಫೋನ್, 108, ರಾತ್ರಿ ಕರೆದರೆ ಬರುವ ಆಟೋದವರ ಫೋನ್. ಇದನ್ನು ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ಬರೆಯಿರಿ. ಆ ರಾತ್ರಿ ಸಹಾಯಕ್ಕೆ ಓಡಿಬರುವ ನೆರೆಯವರಿಗೆ ಯಾವ ಅಕ್ಷರ ಬರುತ್ತದೆಂದು ಹೇಳಲಾಗದು.